ಡೇರೆಯಲ್ಲಿ ಕಂಡ ಕಾಶಿ

ಅಗ್ಗಕ್ಕೆ ಪುಣ್ಯ ಮಾರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕೊಳ್ಳೇಗಾಲದ ಸಿನಿಮಾ ಡೇರೆಯವರ ಗಾಡಿ ತಮಟೆ ಬಡಿದುಕೊಂಡು ನಮ್ಮ ಕುಂತೂರಿನ ಬೀದಿಗೆ ಬಂದಾಗ ನಾನು ಮದುವೆಯಾಗಿ ಬಂದ ಹೊಸತು. ಗಾಡಿಯ ಮೇಲೊಬ್ಬ ತಗಡಿನ ತುತ್ತೂರಿ ಹಿಡಿದು, "ಕಾಸಿ ಪಿಚ್ಚರ್ ಬಂದದೆ ಕಣ್ರವ್ವಾ! ನೋಡ್ದೋರ್ಗೆ ಕಾಸೀಗ್ ಓಗ್ಬಂದ ಪುಣ್ಯ!" ಎಂದು ಕೂಗುತ್ತಿದ್ದ. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತಮಿಳು ಅಚ್ಚಾಗಿದ್ದ ನೋಟೀಸಿನ ತುಂಬ ಶಿವನೇ ಶಿವ. ಅದು ಅಸಲು ಸಿನಿಮಾಕ್ಕೆ ಮುಂಚೆ ತೋರಿಸುವ ತುಂಡು ಚಿತ್ರ ಎಂಬುದು ಮಾತ್ರ ಮೂಲೆಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿತ್ತು.

ನಮ್ಮತ್ತೆಗೆ ಕಾಶಿಯ ಆಸೆ ಬಹಳ. ಸುಗ್ಗಿ ಮುಗಿಯಲಿ, ಕರೆದುಕೊಂಡು ಹೋಗುತ್ತೇನೆ ಎಂದು ನನ್ನ ಗಂಡ ಮಾತು ಕೊಟ್ಟಿದ್ದರು. ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದ ಆ ಮನುಷ್ಯ ಅವತ್ತು ತಾವಾಗಿಯೇ ಗಾಡಿ ಕಟ್ಟಿ ಅಮ್ಮನನ್ನೂ ನನ್ನನ್ನೂ ಹತ್ತಿಸಿದರು. ನನಗೆ ಅಲ್ಲೇ ಅನುಮಾನ ಬಂತು.

ಡೇರೆಯ ಬಾಗಿಲಲ್ಲಿ ಎಕ್ಕಡ ಬಿಡಿಸಿದರು, ಹಣೆಗೆ ವಿಭೂತಿ ಬಳಿದರು, ಗಂಗಾಜಲವೆಂದು ತೀರ್ಥ ಕೊಟ್ಟರು. ತಂಬಿಗೆಯೊಳಗೆ ಇಣುಕಿದೆ, ಕೆರೆಯ ಪಾಚಿ ತೇಲುತ್ತಿತ್ತು. ಕುಡಿದ ಹಾಗೆ ಮಾಡಿ ಸೆರಗಿಗೆ ಒರೆಸಿಕೊಂಡೆ. ಪರದೆಯ ಮೇಲೆ ಮಸುಕು ಮಸುಕಾಗಿ ಹೊಳೆ, ದೋಣಿ, ಮೆಟ್ಟಿಲು. ಅದೇ ಮೆಟ್ಟಿಲನ್ನು ತಿರುಗಿಸಿ ತಿರುಗಿಸಿ ತೋರಿಸಿದರು. ಡೇರೆಯವನೊಬ್ಬ ಪರದೆಗೇ ಕರ್ಪೂರದಾರತಿ ಎತ್ತಿದ. ಜನ ಎದ್ದು ಕೈಮುಗಿದರು. ಅತ್ತೆಯೂ ಕಣ್ಣುಮುಚ್ಚಿ ತಮ್ಮಷ್ಟಕ್ಕೆ ಏನೋ ಹೇಳಿಕೊಂಡರು.

"ಕಾಸಿ ನೋಡ್ದಂಗಾಯ್ತಲ್ಲವ್ವಾ," ಎಂದರು ನನ್ನ ಗಂಡ, ಹೊರಗೆ ಬರುವಾಗ. ಆ ದನಿಯಲ್ಲಿದ್ದ ನಿರಾಳ ಕೇಳಿ ನನಗೆ ಮೈಯೆಲ್ಲ ಉರಿಯಿತು.

ಸುಗ್ಗಿ ಮುಗಿಯಿತು, ಕಾಶಿಯ ಸುದ್ದಿಯೇ ಇಲ್ಲ. ಒಂದು ದಿನ ಅತ್ತೆಗೆ ಪ್ರಾಣವಾಗಿದ್ದ ಹಿತಕಿದವರೆ ಸಾರು ಬಡಿಸಲು ಹೋದರೆ, ತಟ್ಟೆಗೆ ಕೈ ಅಡ್ಡ ಹಿಡಿದರು.

"ಬ್ಯಾಡ ಕಣವ್ವಾ, ಅವರೆ ಕಾಸೀಲಿ ಬುಟ್ಟೆ."

ಕಾಶಿಗೆ ಹೋದವರು ತಮಗಿಷ್ಟವಾದ ಒಂದನ್ನು ಅಲ್ಲೇ ಬಿಟ್ಟು, ಆಮೇಲೆ ಸಾಯುವ ತನಕ ಅದನ್ನು ಮುಟ್ಟದಿರುವುದು ನಮ್ಮಲ್ಲಿ ಪದ್ಧತಿ. ಡೇರೆಯಲ್ಲಿ ಅವರು ಹೇಳಿಕೊಂಡದ್ದು ಅದನ್ನೇ.

ನನಗೆ ತಡೆಯಲಾಗಲಿಲ್ಲ. "ಅದ್ಯಾವ ಕಾಸಿ ಅತ್ತೆ? ಬಟ್ಟೆ ಮ್ಯಾಲೆ ಬೆಳಕು ಬುಟ್ಟು ಏಮಾರ್ಸವ್ರೆ! ದಿಟವಾದ್ ಕಾಸೀಗೆ ಓದಾಗ ಬುಡೀರಂತೆ, ಈಗ ಉಣ್ಣಿ," ಎಂದೆ, ಪಕ್ಕದಲ್ಲೇ ಉಣ್ಣುತ್ತಿದ್ದ ಗಂಡನ ಮುಖವನ್ನೇ ನೋಡುತ್ತ.

ಅವರು ತಲೆ ಎತ್ತದೆ ಅನ್ನ ಕಲಸುತ್ತಲೇ ಇದ್ದರು.

"ಇವ್ನು ಕರ್ಕಂಡೋಗಕಿಲ್ಲ ಅಂತ ಅವತ್ತೇ ಗೊತ್ತಾಯ್ತು ಕಣವ್ವಾ," ಎಂದರು ಅತ್ತೆ. "ಇನ್ನೆಲ್ಲಿ ಬುಡ್ಲಿ?"