ಮದುವೆ ಪತ್ರಿಕೆಯ ಡ್ರ್ಯಾಗನ್

ನಾನು ನಿಂತಿದ್ದದ್ದು ಕೆರೆಯ ಪಕ್ಕದ ಕಲ್ಯಾಣಿಯ ಬಲಬದಿಯಲ್ಲಿ, ಮೇಲಿನಿಂದ ಎರಡನೆಯ ಮೆಟ್ಟಿಲ ಮೇಲೆ, ಕಬ್ಬಿಣದ ಕಂಬಿಗೆ ಕೈ ಊರಿಕೊಂಡು. ಗಣೇಶನನ್ನು ಬಿಡುವ ದಿನ. ಸಂಜೆಯ ಬೆಳಕು ಇನ್ನೂ ಚೆನ್ನಾಗಿಯೇ ಇತ್ತು. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಸಹಕಾರನಗರದ ನಮ್ಮ ರಸ್ತೆಯಲ್ಲಿ ಈ ಸಂಗತಿಯನ್ನು ಈಗ ಬಣ್ಣ ಬಣ್ಣವಾಗಿ ಹೇಳುವವರಿದ್ದಾರೆ. ಅವರಲ್ಲಿ ಹೆಚ್ಚಿನವರು ಆ ಹೊತ್ತಿನಲ್ಲಿ ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದರು.

ಪಕ್ಕದ ಮನೆಯ ನಾಗೇಂದ್ರ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆದು ನಿವೃತ್ತರಾದವರು. ನಿವೃತ್ತಿಯ ನಂತರ ನಾವೆಲ್ಲ ಪಾರ್ಕಿನಲ್ಲಿ ಕೈ ಬೀಸಿ ನಡೆಯಲು ಕಲಿತೆವು. ಅವರು ಕಾಗದದಲ್ಲಿ ಡ್ರ್ಯಾಗನ್ ಮಾಡಲು ಕಲಿತರು. ಯಾಕೆ ಡ್ರ್ಯಾಗನ್ ಎಂದು ನಾನು ಕೇಳಿದ್ದೆ. ನಮ್ಮ ಗುಡಿಯ ಕಂಬಗಳಲ್ಲಿ ಯಾಳಿ ಇದೆ, ತೋರಣದ ತುದಿಯಲ್ಲಿ ಮಕರ ಇದೆ, ನಿಧಿ ಕಾಯಲು ಘಟಸರ್ಪ ಇದೆ. ಹೊರಗಿನ ಪ್ರಾಣಿಯನ್ನು ತರಿಸಿಕೊಳ್ಳುವಷ್ಟು ಬಡತನ ನಮಗಿಲ್ಲ. ಅವರು ಎರಡು ಜಾತಿ ಹೇಳಿದರು. ಪಶ್ಚಿಮದ್ದು ಬೆಂಕಿ ಉಗುಳಿ ಚಿನ್ನದ ಮೇಲೆ ಮಲಗುತ್ತದೆ. ಚೀನಾದ್ದು ನೀರಿನಲ್ಲಿದ್ದು ಮಳೆ ಕೊಡುತ್ತದೆ: ಜಿಂಕೆಯ ಕೊಂಬು, ಮೀನಿನ ಹುರುಪೆ, ಹದ್ದಿನ ಉಗುರು. "ಎಲ್ಲರ ಹತ್ರಾನೂ ಒಂದೊಂದು ಈಸ್ಕೊಂಡು ಬದುಕಿರೋ ಪ್ರಾಣಿ ಕಣ್ರೀ, ಅದಕ್ಕೇ ಇಷ್ಟ," ಎಂದರು.

ಆ ಹುರುಪೆಗಳನ್ನು ಅವರು ಮಾಡುತ್ತಿದ್ದದ್ದು ಹಳೆಯ ಮದುವೆ ಪತ್ರಿಕೆಗಳಿಂದ. ಮುಗಿದ ಮದುವೆಯ ಪತ್ರಿಕೆಯಷ್ಟು ತೊಡಕಿನ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ನೆತ್ತಿಯಲ್ಲಿ ಗಣಪತಿ ಕೂತಿರುತ್ತಾನೆ. ಕಸದ ಗಾಡಿಗೆ ಹಾಕಿದರೆ ಪಾಪ, ಇಟ್ಟುಕೊಂಡರೆ ಜಿರಲೆ. ನಮ್ಮ ಬೀರುವಿನ ಮೇಲೂ ಒಂದು ಕಟ್ಟು ಇತ್ತು. ಅದರಲ್ಲಿ ಒಂದೆರಡು ಮದುವೆಗಳು ಪತ್ರಿಕೆಯಷ್ಟೂ ಬಾಳಿಕೆ ಬಂದಿರಲಿಲ್ಲ. ನಾಗೇಂದ್ರ ಕೇಳಿದ್ದೇ ತಡ, ಇಡೀ ರಸ್ತೆ ತನ್ನ ಪಾಪಭೀತಿಯನ್ನು ಅವರ ವರಾಂಡದಲ್ಲಿ ಸುರಿದು ಕೈ ತೊಳೆದುಕೊಂಡಿತು. ಅವರು ಒಂದೊಂದನ್ನೂ ಕತ್ತರಿಸಿ, ಚಿನ್ನದ ಬಣ್ಣ ಹೊರಗೆ ಬರುವಂತೆ, ಗಣಪತಿ ಒಳಗೆ ಉಳಿಯುವಂತೆ ಮಡಿಸಿ, ಬಿದಿರಿನ ಚೌಕಟ್ಟಿಗೆ ಮೈದಾ ಅಂಟಿನಿಂದ ಕೂರಿಸುತ್ತಿದ್ದರು. ದೇವರ ಮೇಲೆ ಧೂಳು ಬೀಳಬಾರದು ಎಂಬುದು ಅವರ ಲೆಕ್ಕ.

ಆ ವರ್ಷ ಅವರು ಮಾಡಿದ ಡ್ರ್ಯಾಗನ್ ಒಂದು ಕಾರಿನಷ್ಟು ಉದ್ದವಿತ್ತು. ನಗರದ ಒಂದು ಕಲಾಪ್ರದರ್ಶನಕ್ಕೆ ಆಯ್ಕೆಯಾಗಿತ್ತು. ಹಬ್ಬ ಕಳೆದ ಮೇಲೆ ವ್ಯಾನು ಬರುವುದಿತ್ತು. ಅವರ ಕೆಲಸವನ್ನು ಹೊರಗಿನವರು ಕೇಳಿದ್ದು ಅದೇ ಮೊದಲು. ಕಡೆಯದೂ ಅದೇ ಎಂದು ಅವರಿಗೆ ಗೊತ್ತಿತ್ತು. ಬೆರಳ ಗಂಟುಗಳು ಊದಿಕೊಂಡು ಕತ್ತರಿ ಹಿಡಿಯುವುದೇ ಕಷ್ಟವಾಗಿತ್ತು. "ಇನ್ನೊಂದು ಮಾಡಕ್ಕೆ ಈ ಬೆರಳು ಒಪ್ಪಲ್ಲ," ಎಂದು ಹೆಂಡತಿ ಸರೋಜಮ್ಮನ ಮುಂದೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಅಷ್ಟರಲ್ಲಿ ಮುನಿರಾಜು ಬಂದರು. ಕೊಡಿಗೇಹಳ್ಳಿಯ ಹಳೆಯ ಮನೆತನ. ಅವರಪ್ಪ ರಾಗಿ ಬೆಳೆದ ನೆಲದಲ್ಲಿ ಅವರು ಅಪಾರ್ಟ್‌ಮೆಂಟು ಬೆಳೆದಿದ್ದಾರೆ. ನಮ್ಮ ರಸ್ತೆಯ ಗಣೇಶ ಅವರದೇ ಉಸ್ತುವಾರಿ. ಡ್ರ್ಯಾಗನ್‌ನನ್ನು ಪೆಂಡಾಲಿಗೆ ಕೊಡಿ, ಮಕ್ಕಳು ನೋಡಲಿ ಎಂದು ಕೇಳಿದರು.

"ರೆಕ್ಕೇನೇ ಇಲ್ವಲ್ಲ ಸಾರ್, ಎಂಗೆ ಆರ್ತದೆ ಇದು?"

"ನಿಮ್ಮ ಇಲಿ ಗಣಪತೀನ ಹೊತ್ಕೊಂಡು ಓಡಾಡಲ್ವಾ ಮುನಿರಾಜು, ಹಾಗೇ."

ಮುನಿರಾಜು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೀಗೆ ಡ್ರ್ಯಾಗನ್ ಗಣಪತಿಯ ಎಡಕ್ಕೆ ಬಂದು ಕೂತಿತು. ಬಿಡುವ ದಿನ ಬೆಳಿಗ್ಗೆ ಗಾಳಿಗೆ ಒಂದು ಹುರುಪೆ ಎದ್ದಿತು. ಮುನಿರಾಜು ಅದನ್ನು ಒತ್ತಲು ಹೋಗಿ ಒಳಗೆ ಇಣುಕಿದರು. ಇನ್ನೊಂದನ್ನು ಎತ್ತಿ ನೋಡಿದರು, ಮತ್ತೊಂದನ್ನು. ಆಮೇಲೆ ಚಪ್ಪಲಿ ಬಿಟ್ಟರು.

"ಒಳಗೆಲ್ಲಾ ದೇವ್ರೇ ಅವ್ನೆ ಸಾರ್! ಇಷ್ಟೊಂದು ಗಣೇಶನ್ನ ಒಟ್ಟೇಲಿ ಮಡೀಕಂಡಿರೋದ್ನ ಬರೀ ಬೊಂಬೆ ಅನ್ನಕಾಯ್ತದಾ?"

ಅರ್ಚಕರು ಡ್ರ್ಯಾಗನ್‌ಗೂ ಆರತಿ ಎತ್ತಿದರು. ನಾಗೇಂದ್ರ ಸಂಕೋಚದಿಂದ, ಒಳಗೊಳಗೆ ಸಂತೋಷದಿಂದ, ಕೈ ಮುಗಿದರು. ಮೆರವಣಿಗೆಯ ಲಾರಿಯಲ್ಲಿ ಅದನ್ನೂ ಏರಿಸುತ್ತೇವೆ ಎಂದಾಗ ಒಪ್ಪಿದರು. ಮೆರೆಸಿ ವಾಪಸು ತರುತ್ತಾರೆ ಎಂದು ಅವರು ತಿಳಿದರು, ನಾನೂ ಹಾಗೆಯೇ ತಿಳಿದೆ. ಆರತಿಯಾದದ್ದನ್ನು ನೀರಿಗೆ ಬಿಡದೆ ಮನೆಗೆ ತರುವುದುಂಟೇ ಎಂದು ಮುನಿರಾಜು ತಿಳಿದರು. ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಕೇಳುವಂಥದ್ದು ಏನಿದೆ ಎಂದು ಇಬ್ಬರಿಗೂ ಅನ್ನಿಸಿತ್ತು.

ಕಲ್ಯಾಣಿಯಲ್ಲಿ ಮೊದಲು ಕ್ರೇನಿನಿಂದ ಗಣಪತಿಯನ್ನು ಇಳಿಸಿದರು. ಆಮೇಲೆ ನಾಲ್ಕು ಜನ ಡ್ರ್ಯಾಗನ್‌ನನ್ನು ಹೆಗಲ ಮೇಲೆ ತಂದರು. ನನ್ನ ಪಕ್ಕದಲ್ಲಿದ್ದ ನಾಗೇಂದ್ರ "ಅದು ಬೇಡ್ರೀ, ಅದು ಬೇಡ" ಎಂದು ಕೂಗಿದರು. ನಾನೂ ಕೂಗಿದೆ. ತಮಟೆಯವರು ಅದನ್ನು ಹುರುಪು ಎಂದುಕೊಂಡು ಇನ್ನೂ ಜೋರಾಗಿ ಬಾರಿಸಿದರು.

ನೀರಿಗೆ ಬಿಟ್ಟ ಮೇಲೂ ಡ್ರ್ಯಾಗನ್ ತಕ್ಷಣ ಮುಳುಗಲಿಲ್ಲ. ಸ್ವಲ್ಪ ಹೊತ್ತು ತಲೆ ಎತ್ತಿಕೊಂಡು ತೇಲಿತು. ಸುಳ್ಳು ಹೇಳಬಾರದು, ತನ್ನ ಜಾಗಕ್ಕೆ ಬಂದಂತೆಯೇ ಕಂಡಿತು. ಆಮೇಲೆ ಅಂಟು ಬಿಟ್ಟಿತು. ಹುರುಪೆಗಳು ಒಂದೊಂದಾಗಿ ಬಿಡಿಸಿಕೊಂಡವು. ನೀರಿನ ತುಂಬ ಅಂಗೈಯಗಲದ ಗಣಪತಿಗಳು, ಅವುಗಳ ಕೆಳಗೆ ವಧೂವರರ ಅರ್ಧರ್ಧ ಹೆಸರುಗಳು. ಜನ "ಮೋರಯಾ" ಎಂದರು. ಯಾರೋ ಫೋನು ಎತ್ತಿ ಹಿಡಿದರು.

ನೀರಿನ ಅಂಚಿನಲ್ಲಿದ್ದ ಮುನಿರಾಜು, ನಾವು ಕೂಗಿದ್ದು ಯಾಕೆಂದು ತಿಳಿದ ಮೇಲೆ, ಓಡಿ ಬಂದು ನಾಗೇಂದ್ರರ ಎರಡೂ ಕೈ ಹಿಡಿದುಕೊಂಡರು. "ನೀರಿನ ಪ್ರಾಣಿ ಅಂತ ಮಕ್ಕಳಿಗೆ ನೀವೇ ಏಳಿದ್ರಲ್ಲ ಸಾರ್. ತನ್ ಮನೇಗೆ ಓಯ್ತು ಅನ್ಕಳಿ," ಎಂದು ಪ್ರಸಾದ ಕೊಟ್ಟರು. ಆ ಮನುಷ್ಯನ ಕಣ್ಣಲ್ಲಿ ನೀರಿತ್ತು. ನಾಗೇಂದ್ರ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದರು. ಬೇರೆ ಏನು ಮಾಡಲು ಬರುತ್ತದೆ? ಕೇಡು ಬಗೆದವನ ಮೇಲೆ ಸಿಟ್ಟಾಗಬಹುದು; ಭಕ್ತಿಯಿಂದ ಮುಳುಗಿಸಿದವನ ಮೇಲೆ ಅದಕ್ಕೂ ದಾರಿಯಿಲ್ಲ.

ವ್ಯಾನು ಬಂದಾಗ ಸರೋಜಮ್ಮ ಗೇಟಿನಲ್ಲೇ ನಿಂತು ವಿಷಯ ಹೇಳಿ ಅದನ್ನು ವಾಪಸು ಕಳಿಸಿದರು. ಮರುವರ್ಷದ ಹಬ್ಬಕ್ಕೆ ನಾಗೇಂದ್ರ ಇರಲಿಲ್ಲ. ಆ ಕೊರಗಿನಿಂದಲೇ ಹೋದರು ಎಂದು ನಾನು ಹೇಳುವುದಿಲ್ಲ. ಹೃದಯದ ತೊಂದರೆ ಮೊದಲೇ ಇತ್ತು. ಮತ್ತೆ ಕತ್ತರಿ ಮುಟ್ಟಲಿಲ್ಲ ಎಂಬುದನ್ನು ಮಾತ್ರ ಹೇಳಬಲ್ಲೆ.

ಅದನ್ನು ಕಣ್ಣಾರೆ ಕಂಡು ಈಗಲೂ ಬದುಕಿರುವವರಲ್ಲಿ, ನನ್ನನ್ನು ಬಿಟ್ಟರೆ, ನಾನು ಹೆಸರು ಹಿಡಿದು ಹೇಳಬಲ್ಲವರು ಇಬ್ಬರು. ಒಬ್ಬರು ಮುನಿರಾಜು, ಚೌತಿ ಹತ್ತಿರ ಬಂದರೆ "ಅಂತಾದ್ ಮಾಡೋರು ಇನ್ಯಾರಾದ್ರೂ ಅವ್ರಾ ಸಾರ್, ಮಕ್ಳು ಕೇಳ್ತವೆ" ಎನ್ನುತ್ತಾರೆ. ಇನ್ನೊಬ್ಬರು ಸರೋಜಮ್ಮ, ಅಂದು ನನ್ನ ಹಿಂದಿನ ಮೆಟ್ಟಿಲಲ್ಲಿ ನಿಂತಿದ್ದವರು. ಇದನ್ನು ಬರೆಯಲೇ ಎಂದು ಅವರನ್ನು ಕೇಳಿದೆ.

"ಬರೀರಿ. ಹೋಗಿದ್ದೊಂದೇ ಬರೀಬೇಡಿ," ಎಂದರು ಅವರು. "ಚೆನ್ನಾಗಿತ್ತು ಅಂತಾನೂ ಬರೀರಿ."