ಪ್ರಿನ್ಸಿಪಾಲರ ಕೋಣೆಯಲ್ಲಿ ನಾಲ್ಕು ಚಾ

ಹೋದ ವರ್ಷ ನನ್ನ ಮೊಮ್ಮಗಳು ಶ್ರಾವ್ಯಳನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ನಡೆದದ್ದಿದು. ನಾನು ಕಲಿತದ್ದು ಮೂರನೇ ಕ್ಲಾಸು, ಬರವಣಿಗೆ ಅಷ್ಟಕ್ಕಷ್ಟೆ. ಆದರೂ ಈ ಸಂತೋಷವನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು ಬೈಂದೂರು ಕಡೆಯವರು. ವಡೋದರಾದ ಮಕರಪುರದಲ್ಲಿ, ಕಾರ್ಖಾನೆಗಳ ನಡುವೆ ನಮ್ಮದೊಂದು ಸಣ್ಣ ಹೋಟೆಲು. ಈಗ ಮಗ ಗಣೇಶ ನಡೆಸುತ್ತಾನೆ, ನಾನು ಗಲ್ಲಾದಲ್ಲಿ ಕೂರುತ್ತೇನೆ. ಗಿರಾಕಿಗಳು ಗುಜರಾತಿಯಲ್ಲಿ ಕೇಳಿದ್ದನ್ನು ನಮ್ಮ ಹುಡುಗರು ಅಡುಗೆಮನೆಗೆ ಕನ್ನಡದಲ್ಲಿ ಕೂಗಿ ಹೇಳುತ್ತಾರೆ. ಶ್ರಾವ್ಯ ತೊಟ್ಟಿಲಲ್ಲಿದ್ದಾಗಿನಿಂದ ಆ ಕೂಗು ಕೇಳಿಕೊಂಡೇ ಬೆಳೆದವಳು.

ಅವಳ ಕೆ.ಜಿ. ಶಾಲೆಯವರು ಒಂದು ದಿನ ಮಗ ಸೊಸೆಯನ್ನು ಕರೆದು, ಮಗು ಇಂಗ್ಲಿಷಿನಲ್ಲಿ ಹಿಂದಿದೆ, ಮನೆಯಲ್ಲಿ ಬೇರೆ ಭಾಷೆ ಆಡಲೇಬೇಡಿ ಎಂದರಂತೆ. ಸೊಸೆ ಸುಮಿತ್ರ ನನ್ನ ಹತ್ತಿರ ಬಂದು, "ಮಾವ, ಬೇಜಾರು ಮಾಡಬೇಡಿ. ಸ್ವಲ್ಪ ದಿನ ಅವಳತ್ರ ಕನ್ನಡ ಬೇಡ," ಎಂದಳು.

"ನಂಗೆ ಇಂಗ್ಲಿಷ್ ಎಲ್ಲಿ ಬರ್ತದೆ? ಮತ್ತೆ ಎಂತ ಮಾತಾಡುದು ನಾನು?"

"ಗುಡ್ ಮಾರ್ನಿಂಗ್ ಹೇಳಿ, ಸಾಕು."

ಗುಡ್ ಮಾರ್ನಿಂಗ್ ಹೇಳಿದ ಮೇಲೆ ರಾತ್ರಿ ಮಲಗುವವರೆಗೆ ನನಗೆ ಮಾತೇ ಇಲ್ಲ. ಮಗು ಬಂದು ತೊಡೆಯ ಮೇಲೆ ಕೂರುತ್ತಿತ್ತು, ನಾನು ತಲೆ ಸವರುತ್ತಿದ್ದೆ. ಅಷ್ಟೇ. ಅವಳು ಇಂಗ್ಲಿಷ್ ಮಾತಾಡಲು ಶುರು ಮಾಡಲಿಲ್ಲ, ಮಾತಾಡುವುದನ್ನೇ ಬಿಟ್ಟಳು.

ಗಣೇಶನಿಗೆ ಅಲ್ಕಾಪುರಿ ಕಡೆಯ ದೊಡ್ಡ ಶಾಲೆಯೊಂದರ ಮೇಲೆ ಆಸೆ. ಹತ್ತಿರದ ಗುಜರಾತಿ ಶಾಲೆಯೇ ಸಾಕಲ್ಲ ಎಂದು ಸುಮಿತ್ರ ಹೇಳಿದರೆ, "ನಾಳೆ ಊರಿಗೆ ಹೋದ್ರೆ ಆ ಗುಜರಾತಿ ಇಟ್ಕೊಂಡು ಎಂತ ಮಾಡುದು?" ಎಂದ. ಕೊನೆಗೆ ಆ ಶಾಲೆಯಿಂದ ಕರೆ ಬಂತು. ಅದು ಪರೀಕ್ಷೆಯಲ್ಲ, ಮಗುವನ್ನೂ ತಂದೆತಾಯಿಯನ್ನೂ ಸುಮ್ಮನೆ ಮಾತಾಡಿಸುವುದು ಎನ್ನುತ್ತಾರೆ. ಹೊರಡುವಾಗ ಶ್ರಾವ್ಯ ನನ್ನ ಬೆರಳು ಬಿಡಲೇ ಇಲ್ಲ.

"ಆಯ್ತು ಅಪ್ಪ, ನೀವೂ ಬನ್ನಿ. ಆದ್ರೆ ಅಲ್ಲಿ ಬಾಯಿ ಮಾತ್ರ ತೆಗಿಬೇಡಿ," ಎಂದ ಗಣೇಶ.

ಪ್ರಿನ್ಸಿಪಾಲರು ಗುಜರಾತಿ ಹೆಂಗಸು. ಮಗುವಿನ ಹೆಸರು ಕೇಳಿದರು. ಗಣೇಶ ಹೇಳಿದ. ಯಾವ ಬಣ್ಣ ಇಷ್ಟ ಎಂದರು. ಅದಕ್ಕೂ ಗಣೇಶನದೇ ಉತ್ತರ. "ನಾನು ಕೇಳಿದ್ದು ಅವಳನ್ನು," ಎಂದರು ಹಿಂದಿಯಲ್ಲಿ. ಮಗು ನೆಲ ನೋಡುತ್ತ ಕೂತಿತ್ತು. ಗಣೇಶ ಕರ್ಚೀಫಿನಿಂದ ಮುಖ ಒರೆಸಿಕೊಂಡದ್ದೇ ಒರೆಸಿಕೊಂಡದ್ದು. ಸೀಟು ಹೋಯಿತು ಎಂದು ನನಗೂ ಅನಿಸಿತು.

ಅವರು ಪ್ಯೂನನ್ನು ಕರೆದು, ನಾಲ್ಕು ಚಾ ತಾ, ನನ್ನದಕ್ಕೆ ಸಕ್ಕರೆ ಬೇಡ ಎಂದು ಗುಜರಾತಿಯಲ್ಲಿ ಹೇಳಿದರು. ಅಷ್ಟು ಕಿವಿಗೆ ಬಿದ್ದದ್ದೇ ತಡ, ನಮ್ಮ ಶ್ರಾವ್ಯ ಬಾಗಿಲ ಕಡೆ ತಿರುಗಿ, ಹೋಟೆಲಿನ ಹುಡುಗರ ರಾಗದಲ್ಲೇ ಗಂಟಲು ಬಿಟ್ಟು ಕೂಗಿದಳು: "ನಾಲ್ಕ್ ಚಾ! ಒಂದಕ್ಕೆ ಸಕ್ರೆ ಇಲ್ಲಾ! ಬೇಗ ಬರ್ಲೀ!"

ಪ್ಯೂನು ಬೆಚ್ಚಿಬಿದ್ದ. ಸುಮಿತ್ರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಮಗು ನನ್ನ ಕಡೆ ತಿರುಗಿ, "ಅಜ್ಜ, ಇವ್ರಿಗೆ ಸಕ್ರೆ ಯಾಕೆ ಬೇಡ? ಶುಗರುಂಟಾ?" ಎಂದಿತು.

ಗಣೇಶ ನನ್ನನ್ನು ಗುರಾಯಿಸಿದ. ಆದರೆ ಎಷ್ಟೋ ತಿಂಗಳ ಮೇಲೆ ಮಗು ನನ್ನನ್ನು ಕೇಳಿದ ಪ್ರಶ್ನೆ! ಸುಮ್ಮನಿರಲಿಕ್ಕೆ ಆಗುತ್ತದಾ? "ನಂಗೆ ಗೊತ್ತಿಲ್ಲ ಮಗಾ, ನೀನೇ ಕೇಳು," ಎಂದುಬಿಟ್ಟೆ. ಅವಳು ಗಿರಾಕಿಗಳಿಂದ ಕಲಿತ ಗುಜರಾತಿಯಲ್ಲಿ ಕೇಳಿಯೇಬಿಟ್ಟಳು.

ಪ್ರಿನ್ಸಿಪಾಲರು ಬಿದ್ದು ಬಿದ್ದು ನಕ್ಕರು. ಹೌದು, ಶುಗರ್ ಇದೆ ಎಂದು ಒಪ್ಪಿಕೊಂಡರು. ಆಮೇಲೆ ಅವರಿಬ್ಬರಿಗೂ ಮಾತೇ ಮಾತು. ದೋಸೆ ಕಲ್ಲಿಗೆ ನೀರು ಯಾಕೆ ಚಿಮುಕಿಸುತ್ತಾರೆ, ಯಾವ ಹುಡುಗ ಲೋಟ ಬೀಳಿಸಿ ಬೈಸಿಕೊಂಡ, ಎಲ್ಲ ವರದಿಯೂ ಆಯಿತು. ನಡುನಡುವೆ ಇಂಗ್ಲಿಷೂ ಬಂತು!

"ಇಷ್ಟು ಮಾತಾಡುವ ಮಗು ಯಾಕೆ ಸುಮ್ಮನಿತ್ತು?" ಎಂದು ಅವರು ಗಣೇಶನನ್ನು ಕೇಳಿದರು. ಅವನು ಕೆ.ಜಿ. ಶಾಲೆಯವರು ಹೇಳಿದ್ದನ್ನು ಹೇಳಿದ.

"ಯಾವ ಶಾಲೆ ಬೇಕು ಅಂತ ಆರಿಸುವವರು ನೀವು. ಇಂಗ್ಲಿಷ್ ಕಲಿಸುವುದು ನಮ್ಮ ಕೆಲಸ. ನಿಮ್ಮ ಮನೆಯೊಳಗೆ ಏನು ಮಾತಾಡಬೇಕು ಅಂತ ಹೇಳಲಿಕ್ಕೆ ಶಾಲೆಯವರು ಯಾರು?" ಎಂದರು. ಆಮೇಲೆ ನನ್ನ ಕಡೆ ನೋಡಿ, "ದಾದಾಜಿ, ನೀವು ಇವಳ ಹತ್ತಿರ ಮಾತಾಡಿ," ಎಂದರು. ನಾನು ಕೈ ಮುಗಿದೆ. ಸೀಟೂ ಸಿಕ್ಕಿತು.

ರಿಕ್ಷಾದಲ್ಲಿ ಗಣೇಶ ಮಗಳನ್ನು ಹತ್ತಿರ ಎಳೆದುಕೊಂಡು ಕನ್ನಡದಲ್ಲೇ, "ಹಸಿವಾಯ್ತಾ ಮಗಾ?" ಎಂದ. ಅವಳು ಮೊದಲು ಅಮ್ಮನ ಮುಖ ನೋಡಿದಳು. ಸುಮಿತ್ರ "ಹೇಳು" ಎನ್ನುವಂತೆ ತಲೆಯಾಡಿಸಿದಳು. ಆಗ ಶುರುವಾದ ಮಾತು ಮಕರಪುರ ಬಂದರೂ ನಿಲ್ಲಲಿಲ್ಲ.

ಈಗ ಸಂಜೆ ಶಾಲೆಯಿಂದ ಬಂದವಳೇ ಚೀಲ ಎಸೆದು ನನ್ನ ಪಕ್ಕ ಕೂರುತ್ತಾಳೆ. ಟೀಚರು ಹಾಗಂದರು, ಗೆಳತಿ ಹೀಗಂದಳು ಎಂದು ಒಂದೇ ಸಮನೆ. ಗಿರಾಕಿಯ ಮುಖ ನೋಡಲಿಕ್ಕೂ ಬಿಡುವುದಿಲ್ಲ. ಒಮ್ಮೊಮ್ಮೆ ಕಿವಿ ಗುಂಯ್ ಎನ್ನುತ್ತದೆ. 'ಸ್ವಲ್ಪ ಸುಮ್ಮನಿರು ಮಾರಾಯ್ತಿ' ಎಂದು ನಾಲಗೆಯ ತುದಿಯವರೆಗೆ ಬರುತ್ತದೆ.

ಹೇಳುವುದಿಲ್ಲ. ಆ ಒಂದು ಮಾತು ಈ ಜನ್ಮದಲ್ಲಿ ನನ್ನ ಬಾಯಿಂದ ಬರುವುದಿಲ್ಲ.