ಪರದೆಯ ಹಿಂಬದಿಯ ಸಿನಿಮಾ

ಮೊನ್ನೆ ಸೊಸೆ ಮಹಡಿಯ ಮೇಲೆ ಒಣಹಾಕಿದ್ದ ಬಿಳಿ ಹೊದಿಕೆಯ ಆಚೆ ಯಾರೋ ಓಡಾಡಿದರು. ಬಿಸಿಲಿಗೆ ಅವರ ನೆರಳು ಬಟ್ಟೆಯ ಮೇಲೆ ಮೂಡಿತು. ಅಷ್ಟಕ್ಕೇ ನನಗೆ ಸಿದ್ದಯ್ಯ ನೆನಪಾದ. ವಯಸ್ಸಾದವರ ತಲೆಯೇ ಹೀಗೆ ನೋಡಿ. ಕನ್ನಡಕ ಎಲ್ಲಿಟ್ಟೆ ಎಂಬುದು ಹೊಳೆಯುವುದಿಲ್ಲ, ಯಾವ ಕಾಲದ್ದೋ ಡೇರೆ ಸಿನಿಮಾ ಕಣ್ಣಿಗೆ ಕಟ್ಟುತ್ತದೆ.

ನಮ್ಮ ತಾತ ಮಳವಳ್ಳಿ ಹತ್ತಿರದ ಒಂದು ಹಳ್ಳಿಯ ಪಟೇಲರು. ಸಿದ್ದಯ್ಯ ನಮ್ಮ ಮನೆಯ ಜೀತದಾಳು. ಶಿವಪುರದಲ್ಲಿ ಕಾಂಗ್ರೆಸ್ಸಿನವರು ಸರ್ಕಾರದ ಅಪ್ಪಣೆ ಮೀರಿ ಬಾವುಟ ಹಾರಿಸಿದ ಸುದ್ದಿ ಇನ್ನೂ ಜನರ ಬಾಯಲ್ಲಿದ್ದ ಕಾಲ. ನಮ್ಮ ಜಗಲಿಯ ಮೇಲೆ ಮಾತ್ರ ಯಾರೂ ಅದನ್ನು ಎತ್ತುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಮಳವಳ್ಳಿಗೆ ಟೂರಿಂಗ್ ಟಾಕೀಸು ಬರುತ್ತಿತ್ತು. ಡೇರೆಯೊಳಗೆ ಊರ ಜನ ಮರಳ ಮೇಲೆ ಕೂರುತ್ತಿದ್ದರು. ತಾತ ಮರಳ ಮೇಲೆ ಕೂರುವುದುಂಟೆ? ಅವರಿಗೆ ಮನೆಯ ಕುರ್ಚಿಯೇ ಆಗಬೇಕು. ನಾವು ಗಾಡಿಯಲ್ಲಿ, ಕುರ್ಚಿ ಸಿದ್ದಯ್ಯನ ತಲೆಯ ಮೇಲೆ. ಅದನ್ನು ಹಾಕಿಕೊಟ್ಟು ಅವನು ಪರದೆಯ ಹಿಂದಕ್ಕೆ ಹೋಗುತ್ತಿದ್ದ. ಕೇರಿಯವರಿಗೆಲ್ಲ ಅಲ್ಲೇ ಜಾಗ. ಬಟ್ಟೆಯ ಹಿಂಬದಿಯಲ್ಲೂ ಚಿತ್ರ ಕಾಣುತ್ತದೆ, ಎಡ ಬಲ ಅದಲುಬದಲಾಗಿ.

ಆ ವರ್ಷ ಬಂದದ್ದು ಒಬ್ಬ ಜಮೀನ್ದಾರನ ಕಥೆ. ಆಳನ್ನು ಕಂಬಕ್ಕೆ ಕಟ್ಟಿಸಿ ಚಾಟಿಯಲ್ಲಿ ಹೊಡೆಯುತ್ತಾನೆ. ಕೊನೆಗೆ ಅದೇ ಆಳು ಧಣಿಯ ಪ್ರಾಣ ಉಳಿಸಿ, ಅವನ ಕಾಲ ಬಳಿಯೇ ಕಣ್ಣು ಮುಚ್ಚುತ್ತಾನೆ. ಕುರ್ಚಿಯವರು, ಮರಳಿನವರು ಎಲ್ಲರೂ ಅತ್ತು ಚಪ್ಪಾಳೆ ತಟ್ಟಿದರು. ನಾನೂ ಅತ್ತೆ, ಆದರೆ ಜಮೀನ್ದಾರನ ಕುದುರೆ ಸತ್ತಿತೆಂದು. ತಾತನಿಗೆ ಚಿತ್ರ ಬಹಳ ಹಿಡಿಸಿತು.

ನಮ್ಮ ಕಡೆ ಸಿನಿಮಾ ನೋಡಿ ಬಂದವರು ನೋಡದವರಿಗೆ ಕಥೆ ಹೇಳಲೇಬೇಕು. ಸಾಮಾನ್ಯವಾಗಿ ಅದು ಹೆಂಗಸರು ರಾಗಿ ಬೀಸುವಾಗಿನ ಬಾಬತ್ತು. ಮಾರನೆಯ ಸಂಜೆ ತಾತ ಆ ರೂಢಿಯನ್ನು ಅಂಗಳಕ್ಕೆ ತಂದರು. ಕೇರಿಯ ಆಳುಗಳನ್ನೆಲ್ಲ ಕೂರಿಸಿ, "ಸಿದ್ದ, ನೆನ್ನೆ ನೋಡಿದ್ದ ಇವ್ರಿಗೆ ಯೋಳ್ಲಾ. ಆಳು ಅಂದ್ರೆ ಎಂಗಿರ್ಬೇಕು ಅಂತ ತಿಳ್ಕಳ್ಳಿ" ಎಂದರು.

ಸಿದ್ದಯ್ಯ ಚೆನ್ನಾಗಿಯೇ ಹೇಳಿದ. ಕುದುರೆ ಬಂತು, ಕಂಬ ಬಂತು, ಚಾಟಿ ಬಂತು. ಆಮೇಲೆ, "ಆಳು ಅಗ್ಗ ಕಿತ್ಕಂಡ. ಚಾಟಿಯ ಕಸ್ಕಂಡು ಬೆಂಕಿಗಾಕ್ದ. ಎಂಡ್ರು ಮಕ್ಳ ಕರ್ಕಂಡು ಒಂಟೋದ" ಎಂದು ಮುಗಿಸಿದ.

ತಾತ ಎದ್ದು ನಿಂತರು. "ಅದ್ಯಾವ ಸಿನಿಮಾದಲ್ಲಿತ್ಲಾ?"

"ನಾವು ಇಂದ್ಗಡೆ ಕುಂತಿದ್ದೊ ಬುದ್ಧಿ. ನಮ್ಗೆ ಅಂಗೇ ಕಾಣ್ತು."

ಪರದೆಯ ಹಿಂದೆ ಕೂತಿದ್ದವರು ಅಲ್ಲಿ ಇನ್ನೂ ಕೆಲವರಿದ್ದರು. ತಾತ ಅವರತ್ತ ತಿರುಗಿದರು. "ಔದು ಬುದ್ಧಿ, ಅಂಗೇಯ" ಎಂದ ಒಬ್ಬ ಮುದುಕ, ನೆಲ ನೋಡುತ್ತಾ.

ಅವತ್ತು ಸಿದ್ದಯ್ಯನನ್ನು ನಮ್ಮ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದರು. ಅಜ್ಜಿ ನನ್ನನ್ನು ಒಳಗೆ ಎಳೆದುಕೊಂಡಳು. ನನಗೆ ಕೇಳಿಸಬಾರದೆಂದು ಒನಕೆ ಹಿಡಿದು ಬರೀ ಒರಳನ್ನು ಕುಟ್ಟಿದಳು. ಆದರೂ ಕೇಳಿಸಿತು.

ಬೆಳಗಾಗುವಷ್ಟರಲ್ಲಿ ಅವನ ಗುಡಿಸಲು ಖಾಲಿ. ಹೆಂಡತಿ ಮಕ್ಕಳೊಂದಿಗೆ ಮಂಡ್ಯದ ಕಡೆ, ಕಬ್ಬಿನ ಗದ್ದೆಗಳಿಗೆ ಹೋದನೆಂದರು. ತಾತ ಹುಡುಕಿಸಿದರು, ಸಿಗಲಿಲ್ಲ. ಮತ್ತೊಂದು ಸಿನಿಮಾ ಬಂದಾಗ ಕುರ್ಚಿ ಹೊರಲು ಕೇರಿಯಿಂದ ಯಾರೂ ಬರಲಿಲ್ಲ. ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಸೊಂಟನೋವು. ತಾತ ಸಿನಿಮಾಕ್ಕೆ ಹೋಗುವುದನ್ನೇ ಬಿಟ್ಟರು.

ಆಮೇಲೆ ನಾನು ಎಷ್ಟೋ ಚಿತ್ರ ನೋಡಿದೆ. ಹಳ್ಳಿಯ ಕಥೆಯೆಂದರೆ ಆಳುಗಳು ಧಣಿಗಳ ಕಾಲ ಬಳಿ ಸಾಯುತ್ತಲೇ ಇದ್ದರು, ಜನ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ನನಗೆ ಸಿಟ್ಟು ಬರುತ್ತಿತ್ತು; ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಮೊನ್ನೆ ಮಹಡಿಯಿಂದ ಇಳಿದು ಬಂದಾಗ ಮೊಮ್ಮಗಳು ಕಥೆ ಹೇಳೆಂದು ಸೆರಗು ಹಿಡಿದಳು. ಚಿಕ್ಕವಳಿದ್ದಾಗ ನೋಡಿದ ಸಿನಿಮಾ ಅಂತ ಶುರುಮಾಡಿದೆ. ಕುದುರೆ, ಕಂಬ, ಚಾಟಿ ಎಲ್ಲ ಹೇಳಿದೆ.

"ಆಮೇಲೆ ಅಜ್ಜಿ?"

ತಾತನ ಕುರ್ಚಿಯ ಪಕ್ಕ ಕೂತು ನಾನು ಕಣ್ಣಾರೆ ಕಂಡ ಕೊನೆ ನಾಲಿಗೆಗೆ ಬರಲಿಲ್ಲ.

"ಆಳು ಹಗ್ಗ ಕಿತ್ತುಕೊಂಡ ಕಣಮ್ಮ" ಎಂದೆ.